ಹಾಲ್ ಅಂಡ್ ಓಟ್ಸ್ ಜೋಡಿಯ ‘ಚೇಂಜ್ ಆಫ್ ಸೀಸನ್’ ಕೇಳಬಹುದೇ?

ಅಮೆರಿಕದ ಪಾಪ್ ಜೋಡಿ ಡ್ಯಾರಿಲ್ ಹಾಲ್ ಮತ್ತು ಜಾನ್ ಓಟ್ಸ್ ಅವರ 1980ರ ದಶಕದ ಜನಪ್ರಿಯ ಹಾಡುಗಳನ್ನು ಮುಗಿಸಿದ್ದೀರಿ, 1990ರ ಈ ಆಲ್ಬಮ್‌ಗೆ ಸಮಯ ಕೊಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಿ. ಆದರೆ ಕೊನೆಯ ಹಾಡಿನಿಂದ ಶುರುಮಾಡಿ.

‘ಸೋ ಕ್ಲೋಸ್’ ಇದರಲ್ಲಿ ಎರಡು ಸಲ ಬರುತ್ತದೆ. ಆಲ್ಬಮ್ ತೆರೆದುಕೊಳ್ಳುವುದೇ ಅದರಿಂದ: ರಾಕ್ ಗಾಯಕ ಜಾನ್ ಬಾನ್ ಜೋವಿ ಮತ್ತು ಗಿಟಾರ್ ವಾದಕ ಡ್ಯಾನಿ ಕಾರ್ಚ್‌ಮರ್ ನಿರ್ಮಾಣ, ಕ್ರೀಡಾಂಗಣಕ್ಕೆಂದೇ ಹೊಲಿಸಿದಂಥ ಅಬ್ಬರ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೆಯ ಸ್ಥಾನ ಮುಟ್ಟಿದ್ದು ಈ ರೂಪವೇ. ಕೊನೆಯಲ್ಲಿ ಅದೇ ಹಾಡು ಆಭರಣವನ್ನೆಲ್ಲ ಬಿಚ್ಚಿಟ್ಟು, ವಿದ್ಯುತ್ ವಾದ್ಯಗಳ ಅಬ್ಬರವಿಲ್ಲದ ಅಕೌಸ್ಟಿಕ್ ರೂಪದಲ್ಲಿ ಮತ್ತೆ ಬರುತ್ತದೆ. ಫೋನಿನಲ್ಲಿ ಹಾಡುಗಳು ಕ್ರಮ ತಪ್ಪಿ ಬರುವಂತೆ ಇಟ್ಟಿದ್ದ ನನಗೆ ಮೊದಲು ಸಿಕ್ಕಿದ್ದು ಇದು. ಡ್ಯಾರಿಲ್ ಹಾಲ್ ಎಂಥ ಸೋಲ್ (ಕಪ್ಪು ಅಮೆರಿಕನ್ನರ ಭಾವತೀವ್ರ ಸಂಗೀತ ಶೈಲಿ) ಗಾಯಕ ಎಂಬುದು ತಿಳಿದದ್ದೂ ಆಗಲೇ.

ಆಲ್ಬಮ್ ಒಟ್ಟಾರೆ ಗಿಟಾರಿನ ಹಳೆಯ ದಾರಿ ಹಿಡಿದಿದೆ. ವಿಚಿತ್ರವೆಂದರೆ, ಯಂತ್ರದ ತಾಳ ಈ ಇಬ್ಬರಿಗೆ ಹೊಸದೇನಲ್ಲ. 1981ರಲ್ಲೇ ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನ್ ಮೇಲೆ ‘ಐ ಕಾಂಟ್ ಗೋ ಫಾರ್ ದಟ್’ ಕಟ್ಟಿದವರು ಇವರು. ಅದು ಪಾಪ್ ಪಟ್ಟಿಯಲ್ಲೂ ಕಪ್ಪು ಶ್ರೋತೃಗಳ ಸೋಲ್ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು. 1989ರಲ್ಲಿ ಡಿ ಲಾ ಸೋಲ್ ಎಂಬ ಹಿಪ್‌ಹಾಪ್ ತಂಡ ಅದರ ತುಣುಕನ್ನೇ ಎತ್ತಿ ತನ್ನ ಹಾಡಿಗೆ ಬಳಸಿತು. ಮರುವರ್ಷ ವೆನಿಲ್ಲಾ ಐಸ್‌ನ ರ‍್ಯಾಪ್ ಹಾಡು ಬಿಲ್‌ಬೋರ್ಡ್‌ನ ತುದಿಗೇರಿತು. ಹೊಸ ಕಾಲ ಇವರ ಹಿತ್ತಲಿನ ಬೀಜದಿಂದಲೇ ಮೊಳೆಯುತ್ತಿದ್ದಾಗ, ಇವರು ಗಿಟಾರ್ ಹಿಡಿದು ಹಿಂದಕ್ಕೆ ನಡೆದರು. ಮೆಲ್ ಅಂಡ್ ಟಿಮ್ ಜೋಡಿಯ 1972ರ ‘ಸ್ಟಾರ್ಟಿಂಗ್ ಆಲ್ ಓವರ್ ಅಗೇನ್’ ಅನ್ನೂ ಹಾಡಿದರು.

ಇದನ್ನು ಅಂಜಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1967ರಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿ ಭೇಟಿಯಾದ ಈ ಇಬ್ಬರಿಗೆ ಆ ಊರಿನ ಸೋಲ್ ಸಂಗೀತವೇ ತವರು. ಬಾನ್ ಜೋವಿಯನ್ನು ಕರೆದದ್ದರಲ್ಲಿ ಮಾತ್ರ ಮಾರುಕಟ್ಟೆಯ ಲೆಕ್ಕ ಕಾಣುತ್ತದೆ. ಆ ಲೆಕ್ಕ ಅರ್ಧವಷ್ಟೇ ಫಲಿಸಿತು: ಹಾಡು ಓಡಿತು, ಆಲ್ಬಮ್ ಮಾತ್ರ ಆಲ್ಬಮ್‌ಗಳ ಪಟ್ಟಿಯಲ್ಲಿ 61ನೆಯ ಸ್ಥಾನಕ್ಕೆ ನಿಂತಿತು. ಇಬ್ಬರೂ ಸೇರಿ ಮತ್ತೊಂದು ಆಲ್ಬಮ್ ತಂದದ್ದು 1997ರಲ್ಲಿ. (ಇವರಿಬ್ಬರ ನಡುವಿನ 2023ರ ಕೋರ್ಟ್ ಜಗಳದ ಕಥೆ ಬೇರೆ. ಅದನ್ನು ಓದಿ ಈ ಹಾಡುಗಳನ್ನು ಕೆಡಿಸಿಕೊಳ್ಳಬೇಡಿ.)

ಮಧ್ಯದ ಒಂದೆರಡು ಹಾಡುಗಳು ಸಪ್ಪೆ, ದಾಟಿ ಹೋಗಬಹುದು. ‘ಡೋಂಟ್ ಹೋಲ್ಡ್ ಬ್ಯಾಕ್ ಯುವರ್ ಲವ್’ ಮಾತ್ರ ಬಿಡಬೇಡಿ. ಎಲ್ಲ ಮುಗಿದ ಮೇಲೆ ಮೊದಲ ‘ಸೋ ಕ್ಲೋಸ್’ಗೆ ಬನ್ನಿ. ಆ ಡ್ರಮ್ಮಿನ ಗದ್ದಲ ನಿಮಗೂ ಕಿರಿಕಿರಿ ಎನ್ನಿಸಬಹುದು. ನನಗಂತೂ ಇಂದಿಗೂ ಎನ್ನಿಸುತ್ತದೆ.