ಹೊಸ ಸಂಹಿತೆಯಲ್ಲಿ ಒಂಟಿ ಸೆರೆ ಉಂಟೇ?

ಪ್ರಶ್ನೆ: ಸರ್, 2023ರ ನವೆಂಬರಿನಲ್ಲಿ ಗದ್ದೆ ಬದುವಿನ ಜಗಳದಲ್ಲಿ ಮಚ್ಚು ಬೀಸಿದನೆಂದು ನನ್ನ ತಮ್ಮನ ಮೇಲೆ ಐಪಿಸಿ 326ರ ಕೇಸಾಗಿದೆ. ಜಾಮೀನು ಸಿಕ್ಕಿಲ್ಲ, ವಿಚಾರಣೆ ನಡೆಯುತ್ತಿದೆ. ಹೊಸ ಕಾನೂನು ಬಂದಿದೆ, ಶಿಕ್ಷೆಯಾದರೆ ಒಂಟಿ ಕೋಣೆಗೆ ಹಾಕುತ್ತಾರೆ ಎಂದು ಊರಲ್ಲಿ ಹೆದರಿಸುತ್ತಿದ್ದಾರೆ. ಕಳೆದ ವಾರ ಭೇಟಿಗೆ ಹೋದಾಗ, ಒಳಗೆ ಏನೋ ಗಲಾಟೆಯಾಯಿತೆಂದು ತನ್ನನ್ನು ಬೇರೆ ಸೆಲ್‌ನಲ್ಲಿ ಒಬ್ಬನೇ ಇಟ್ಟಿದ್ದಾರೆ ಅಂದ. ಇದು ಸರಿಯೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನೋಡಿ ತಾಯಿ, ಕೋರ್ಟು ಶಿಕ್ಷೆಯ ಭಾಗವಾಗಿ ಕೊಡುವ ಒಂಟಿ ಸೆರೆ ಬೇರೆ, ಜೈಲಿನವರು ತಾವಾಗಿ ಒಬ್ಬನನ್ನು ಬೇರೆ ಇಡುವುದು ಬೇರೆ. ಊರಿನವರು ಹೆದರಿಸುತ್ತಿರುವುದು ಮೊದಲನೆಯದರ ಹೆಸರಲ್ಲಿ. ನೀವು ಬೆನ್ನು ಹತ್ತಬೇಕಾದ್ದು ಎರಡನೆಯದನ್ನು.

ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು. ನಿಮ್ಮ ಜಗಳ ಅದಕ್ಕೂ ಹಿಂದಿನದು, ಹಾಗಾಗಿ ಐಪಿಸಿಯೇ ಅನ್ವಯ. ಹೊಸ ಸಂಹಿತೆಯ 358ನೇ ಸೆಕ್ಷನ್ನೇ ಇದನ್ನು ಉಳಿಸಿಕೊಂಡಿದೆ. ಕೃತ್ಯ ನಡೆದ ದಿನ ಇದ್ದ ಶಿಕ್ಷೆಗಿಂತ ಹೆಚ್ಚಿನದನ್ನು ಕೊಡುವಂತಿಲ್ಲ ಎಂದು ಸಂವಿಧಾನದ 20(1)ನೇ ವಿಧಿಯೂ ಹೇಳುತ್ತದೆ. ಇದರಿಂದ ನಿಮ್ಮ ತಮ್ಮನಿಗೆ ನಿಜವಾದ ಲಾಭವಿದೆ. 326ರ ಜಾಗಕ್ಕೆ ಬಂದಿರುವ 118(2)ರಲ್ಲಿ ಕನಿಷ್ಠ ಒಂದು ವರ್ಷ ಸೆರೆ ಎಂದು ಸೇರಿಸಿದ್ದಾರೆ. ಹಳೆಯದರಲ್ಲಿ ಕನಿಷ್ಠ ಎಂಬುದೇ ಇರಲಿಲ್ಲ. ವಕೀಲರ ಕಿವಿಗೆ ಇದನ್ನು ಹಾಕಿರಿ.

ಒಂಟಿ ಸೆರೆಯ ಮಟ್ಟಿಗೆ ಹಳತೂ ಹೊಸತೂ ಒಂದೇ. ಐಪಿಸಿಯ 73, 74 ಈಗ 11, 12 ಆಗಿವೆ. ಕಠಿಣ ಸಜೆ ಕೊಡಬಹುದಾದ ಅಪರಾಧಕ್ಕೆ ಮಾತ್ರ ಇದನ್ನು ವಿಧಿಸಬಹುದು. ಆರು ತಿಂಗಳೊಳಗಿನ ಸಜೆಗೆ ಹೆಚ್ಚೆಂದರೆ ಒಂದು ತಿಂಗಳು, ವರ್ಷದೊಳಗಿನದಕ್ಕೆ ಎರಡು, ಅದಕ್ಕೂ ಮೀರಿದರೆ ಮೂರು. ಅದೂ ಒಂದೇ ಸಮನೆ ಅಲ್ಲ: ಒಮ್ಮೆಗೆ 14 ದಿನ, ನಡುವೆ ಕಡಿಮೆಯೆಂದರೂ ಅಷ್ಟೇ ಬಿಡುವು. ಸಜೆ ಮೂರು ತಿಂಗಳು ಮೀರಿದ್ದರೆ ತಿಂಗಳಿಗೆ 7 ದಿನ ಮಾತ್ರ. ಇದನ್ನು ಕಿತ್ತುಹಾಕಿ ಎಂದು ಕಾನೂನು ಆಯೋಗ 1971ರಲ್ಲೇ, ತನ್ನ 42ನೇ ವರದಿಯಲ್ಲಿ ಹೇಳಿತ್ತು. ಬ್ರಿಟಿಷರ ಕೊಳೆ ತೊಳೆಯುತ್ತೇವೆಂದು ಹೊರಟವರು 1860ರ ಈ ಬಟ್ಟೆಯನ್ನು ಹಾಗೇ ಮಡಿಸಿ ಹೊಸ ಪೆಟ್ಟಿಗೆಯಲ್ಲಿಟ್ಟರು. ನನಗಂತೂ ಸರಿಬರಲಿಲ್ಲ. ಆದರೆ ಸೆಷನ್ಸ್ ಕೋರ್ಟುಗಳಲ್ಲೇ ತಲೆ ನರೆಸಿಕೊಂಡ ನಾನು ಇಂಥ ಆದೇಶವೊಂದನ್ನು ಕಣ್ಣಾರೆ ಕಂಡಿಲ್ಲ.

ಕಂಡಿರುವುದೆಲ್ಲ ಆದೇಶವಿಲ್ಲದ ಒಂಟಿ ಸೆರೆಗಳೇ. ಗಲ್ಲು ಶಿಕ್ಷೆಯಾದ ಸುನಿಲ್ ಬಾತ್ರಾನನ್ನು ತಿಹಾರ್ ಜೈಲಿನವರು 1894ರ ಕಾರಾಗೃಹ ಕಾಯ್ದೆಯ 30ನೇ ಸೆಕ್ಷನ್ ತೋರಿಸಿ ಒಂಟಿಯಾಗಿ ಇಟ್ಟಿದ್ದರು. ಆ ಸೆಕ್ಷನ್ ಜೈಲಿಗೆ ಅಂಥ ಅಧಿಕಾರ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು. ಆದರೂ ನಮ್ಮ ಬೆಳಗಾವಿಯಲ್ಲೇ ಬಿ.ಎ. ಉಮೇಶ್ ಎಂಬ, ಗಲ್ಲು ಶಿಕ್ಷೆಯಾದ ಕೈದಿಯನ್ನು, ಕ್ಷಮಾದಾನದ ಅರ್ಜಿ ತೀರ್ಮಾನವಾಗುವ ಮೊದಲೇ, 2006ರಿಂದ 2013ರವರೆಗೆ ಒಂಟಿಯಾಗಿಟ್ಟರು. ಅವನ ಅಪರಾಧ ಘೋರವಾದದ್ದು. ಅಷ್ಟಾಗಿಯೂ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಕಾರಣಕ್ಕಾಗಿ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

ನಿಮ್ಮ ತಮ್ಮನಿಗೆ ಶಿಕ್ಷೆಯೇ ಆಗಿಲ್ಲ. ಹೊಡೆದಾಟ ತಪ್ಪಿಸಲು ಒಂದೆರಡು ದಿನ ಬೇರೆ ಇಟ್ಟರೆ ಒಪ್ಪಬಹುದು. ಮುಂದಿನ ಭೇಟಿಯಲ್ಲಿ ವಿವರ ಕೇಳಿ: ದಿನಕ್ಕೆ ಎಷ್ಟು ಹೊತ್ತು ಬಾಗಿಲು ಹಾಕಿರುತ್ತಾರೆ, ಯಾರೊಡನೆಯಾದರೂ ಮಾತಿದೆಯೇ, ವೈದ್ಯರು ಬಂದು ನೋಡುತ್ತಾರೆಯೇ? ಮನುಷ್ಯರ ಸಂಪರ್ಕವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಕೂಡಿಹಾಕಿದರೆ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ ಪ್ರಕಾರ ಅದು ಒಂಟಿ ಸೆರೆಯೇ. ಯಾವ ನಿಯಮದಡಿ, ಯಾವ ದಿನದಿಂದ, ಎಲ್ಲಿಯವರೆಗೆ ಎಂದು ಜೈಲು ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಅದನ್ನೇ ಲಗತ್ತಿಸಿ ವಿಚಾರಣಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ. ಅವನಿರುವುದು ಆ ಕೋರ್ಟಿನ ಸುಪರ್ದಿಯಲ್ಲಿ. ವಕೀಲರ ಫೀಸಿಗೆ ತೊಂದರೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.