ಹಿರಿಯೂರಿನ ಬಳಿಯ ವಾಣಿವಿಲಾಸಪುರಕ್ಕೆ ಮಾರಿಕಣಿವೆ ಎಂಬ ಹೆಸರೂ ಏಕೆ?

ಮಾರಿಕಣಿವೆ ಹಳೆಯ ಹೆಸರು, ವಾಣಿವಿಲಾಸಪುರ ಆಮೇಲೆ ಬಂದದ್ದು. ಇಲ್ಲಿನ ದೇವತೆ ಕಣಿವೆ ಮಾರಮ್ಮ. ‘ಮಾರಿ’ ಅವಳಿಂದ ಬಂತು, ‘ಕಣಿವೆ’ ನೆಲದಿಂದ.

ಅಣೆಕಟ್ಟೆಯ ಮೇಲೆ ನಿಂತರೆ ಆ ಕಣಿವೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ನಡುವಿನ ಕಿರಿದಾದ ಸಂದಿನಲ್ಲಿ ವೇದಾವತಿ. ಬಾಬಾಬುಡನ್‌ಗಿರಿಯ ಕಡೆಯಿಂದ ಹರಿದು ಬರುವ ನದಿಗೆ ಇಲ್ಲಿ ಬೇರೆ ದಾರಿಯೇ ಇಲ್ಲ. ಆ ಒಂದು ಸಂದನ್ನು ಕಲ್ಲಿನಿಂದ ಮುಚ್ಚಿದ್ದಕ್ಕೇ ಹಿಂದೆ ಅಷ್ಟು ದೊಡ್ಡ ಜಲಾಶಯ ನಿಂತಿತು. ಮೈಸೂರು ಸಂಸ್ಥಾನ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರಿಟ್ಟರು. ಊರಿಗೂ ಅದೇ ಹೆಸರು ಬಂತು.

ಆದರೂ ಜನರ ಬಾಯಲ್ಲಿ ಮಾರಿಕಣಿವೆ ಅಳಿಯಲಿಲ್ಲ. ನನಗೂ ಅದೇ ಹೆಚ್ಚು ಇಷ್ಟ, ಊರಿನ ನೆಲವನ್ನೇ ಕಣ್ಣಿಗೆ ಕಟ್ಟಿಕೊಡುವ ಹೆಸರದು. ಮಳೆ ಕಡಿಮೆಯ ಸೀಮೆ ನಮ್ಮದು. 130 ಅಡಿಯ ಜಲಾಶಯ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಂದು ಆ ನೀರನ್ನು ನೋಡಲು ಜನ ಊರೂರುಗಳಿಂದ ಬಂದಿದ್ದರು.