ಮೂವತ್ತು ಸಾವಿರದ ಲೇಪನ, ಮುನ್ನೂರು ರೂಪಾಯಿಯ ಬಟ್ಟೆ

ವಾಹನ ಪ್ರಶ್ನೋತ್ತರ

ಪ್ರಶ್ನೆ: ಮುಂದಿನ ವಾರ ನಮ್ಮ ಹೊಸ ಕಾರು ಮನೆಗೆ ಬರಲಿದೆ. ಬಣ್ಣ ಕಡುನೀಲಿ. ಷೋರೂಮಿನವರು ಮ್ಯಾಟ್, ಸೀಟ್ ಕವರ್‌ಗಳ ಪಟ್ಟಿಯಲ್ಲಿ ಮೂರು ವರ್ಷ ವಾರಂಟಿಯ ಸೆರಾಮಿಕ್ ಕೋಟಿಂಗ್‌ಗೆಂದು 32,000 ರೂಪಾಯಿ ಸೇರಿಸಿದ್ದಾರೆ. ಅದನ್ನು ಹಾಕಿಸಿದರೆ ಗೀರು ಬೀಳುವುದಿಲ್ಲ, ನೀರು ಹೊಯ್ದರೆ ಸಾಕು ಎನ್ನುತ್ತಾರೆ. ನಮ್ಮ ಭಾವನವರು 800 ರೂಪಾಯಿಯ ಸೀಲೆಂಟ್ ಬಾಟಲಿ ತಂದು ನೀವೇ ಹಚ್ಚಿಕೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಭಾವನವರ ಮಾತನ್ನೇ ಕೇಳಿ. ಆದರೆ ಬಾಟಲಿಯೊಂದೇ ಸಾಕು ಎಂಬ ಅರ್ಥದಲ್ಲಿ ಅವರು ಹೇಳಿದ್ದರೆ ಅದಕ್ಕೊಂದು ತಿದ್ದುಪಡಿ ಬೇಕಾಗುತ್ತದೆ.

ಕಾರ್ಖಾನೆಯಿಂದ ಹೊರಬರುವ ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕೂರಿಸುವ ತುಕ್ಕುನಿರೋಧಕ ಅಡಿಪದರ, ಅದರ ಮೇಲೆ ಪ್ರೈಮರ್, ಆಮೇಲೆ ನಾವು ಷೋರೂಮಿನಲ್ಲಿ ನೋಡಿ ಮೆಚ್ಚಿಕೊಳ್ಳುವ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 140 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಬಣ್ಣ ಮಾಸದಂತೆ ಕಾಯುವ ರಾಸಾಯನಿಕಗಳಿರುವುದು ಈ ಪದರದಲ್ಲೇ. ನೀವು ಕಾರಿಗೆ ಕೊಟ್ಟ ಬೆಲೆಯಲ್ಲಿ ಅದರ ಹಣವೂ ಸೇರಿದೆ. ಸೆರಾಮಿಕ್ ಲೇಪನ ಇದರ ಮೇಲೆ ಕೂರುವುದು ಒಂದೆರಡು ಮೈಕ್ರಾನ್‌ನಷ್ಟು, ಎಷ್ಟೋ ಸಲ ಅದಕ್ಕಿಂತಲೂ ತೆಳ್ಳಗೆ. ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲಿಗಾಗಲಿ, ಪಕ್ಕದ ಬೈಕಿನ ಹ್ಯಾಂಡಲ್ಲಿಗಾಗಲಿ ಅಷ್ಟು ತೆಳುವಾದ ಪೊರೆ ಲೆಕ್ಕಕ್ಕೇ ಇಲ್ಲ.

ಹಾಗಿದ್ದರೆ ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿರುವ 9ಎಚ್ ಗಡಸುತನದ ಗತಿಯೇನು ಎಂದು ನೀವು ಕೇಳಬಹುದು. ಅದು ಪೆನ್ಸಿಲ್ ಪರೀಕ್ಷೆಯ ಅಂಕ. ಮಕ್ಕಳ ಡ್ರಾಯಿಂಗ್ ಪೆನ್ಸಿಲ್ಲುಗಳ ಮೇಲಿರುವ ಎಚ್‌ಬಿ, 2ಎಚ್ ಮುಂತಾದ ಗುರುತುಗಳ ಸಾಲಿನಲ್ಲೇ ಕೊನೆಗೆ 9ಎಚ್ ಬರುತ್ತದೆ. ಆ ಪೆನ್ಸಿಲ್ಲನ್ನು ನಿಗದಿತ ಒತ್ತಡದಲ್ಲಿ ಎಳೆದಾಗ ಲೇಪನದಲ್ಲಿ ಗೀರು ಬೀಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕ ಬೇರೆ. ಅದರಲ್ಲಿ ವಜ್ರ 10, ಬೆಣಚು 7. ಎರಡನ್ನೂ ಬೆರೆಸಿ, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂಬಂತೆ ಮಾತನಾಡುವ ಮಾರಾಟಗಾರರನ್ನು ನಾನೇ ಕಂಡಿದ್ದೇನೆ. ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳವಾಗಿದೆ, ಅದನ್ನು ಒಣಬಟ್ಟೆಯಿಂದ ಉಜ್ಜಿದರೆ ಲೇಪನವೂ ಗೀರುತ್ತದೆ, ಅದರ ಕೆಳಗಿನ ಕ್ಲಿಯರ್ ಕೋಟೂ ಗೀರುತ್ತದೆ. ಬಾನೆಟ್ಟಿನ ಮೇಲೆ ಲೈಟರ್ ದ್ರವ ಸುರಿದು ಬೆಂಕಿ ಹಚ್ಚಿ ತೋರಿಸುವ ವಿಡಿಯೊಗಳಿಗೂ ಮರುಳಾಗಬೇಡಿ. ಉರಿಯುವುದು ದ್ರವದ ಮೇಲಿನ ಆವಿ, ಅದೂ ಕೆಲವೇ ಕ್ಷಣ. ಅಷ್ಟರಲ್ಲಿ ತಗಡು ಶಾಖವನ್ನು ಸುತ್ತಲೂ ಹರಡಿಬಿಡುತ್ತದೆ.

ಸೆರಾಮಿಕ್ ಶುದ್ಧ ಮೋಸವೆಂದು ಮಾತ್ರ ನಾನು ಹೇಳಲಾರೆ. ಸಿಲಿಕಾನ್ ಆಧಾರಿತವಾದ ಆ ದ್ರವ ಗಾಳಿಯ ತೇವದೊಂದಿಗೆ ವರ್ತಿಸಿ ಗಟ್ಟಿಯಾಗಿ ಕ್ಲಿಯರ್ ಕೋಟಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಶಾಂಪೂವಿಗೆ ಕರಗುವುದಿಲ್ಲ, ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ನಿಲ್ಲುತ್ತದೆ. ಕೆಸರು ಸುಲಭವಾಗಿ ಜಾರುತ್ತದೆ, ಮಳೆಹನಿ ಮುತ್ತಿನಂತೆ ಉರುಳುತ್ತದೆ. ಆದರೆ ಇದೇ ಉಪಕಾರವನ್ನು ಪಾಲಿಮರ್ ಸೀಲೆಂಟ್ ನಾಲ್ಕರಿಂದ ಆರು ತಿಂಗಳ ಮಟ್ಟಿಗೆ ಮಾಡುತ್ತದೆ. ಬ್ರೆಜಿಲಿನ ತಾಳೆಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನಾಬಾ ಮೇಣ ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ನಿಂತರೆ ಹೆಚ್ಚು. ಅಂದರೆ ಹೆಚ್ಚಿನ ಹಣಕ್ಕೆ ನಿಮಗೆ ಸಿಗುವುದು ಹೆಚ್ಚಿನ ಬಾಳಿಕೆ, ಬೇರೆ ಜಾತಿಯ ರಕ್ಷಣೆಯಲ್ಲ. 800 ರೂಪಾಯಿಯ ಬಾಟಲಿಯನ್ನು ವರ್ಷಕ್ಕೆ ಮೂರು ಸಲ ಹಚ್ಚಿ, ವರ್ಷಕ್ಕೊಂದು ಬಾಟಲಿಯೇ ಖರ್ಚಾಯಿತೆಂದುಕೊಂಡರೂ ಮೂರು ವರ್ಷಕ್ಕೆ 2,400 ರೂಪಾಯಿ. ಜೊತೆಗೆ ನಿಮ್ಮ ಒಂಬತ್ತು ಭಾನುವಾರಗಳ ಬೆಳಗಿನ ಎರಡೆರಡು ಗಂಟೆ. ಇನ್ನೊಂದು ಕಡೆಯಲ್ಲಿ 32,000 ರೂಪಾಯಿಯ ಜೊತೆಗೆ, ವಾರಂಟಿ ಉಳಿಯಬೇಕಾದರೆ ಆರಾರು ತಿಂಗಳಿಗೊಮ್ಮೆ ಅವರಲ್ಲಿಗೇ ಹೋಗಿ ಮಾಡಿಸಬೇಕಾದ ನಿರ್ವಹಣೆಯ ಶುಲ್ಕ ಬೇರೆ ಇರಬಹುದು.

ಈಗ ತಿದ್ದುಪಡಿಗೆ ಬರುತ್ತೇನೆ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಐದೂವರೆಗೆ ಕಾರು ಒರೆಸುವ ಹುಡುಗ ಬರುತ್ತಾನೆ. ಕೈಯಲ್ಲಿ ಒಂದು ಬಕೆಟ್, ಹೆಗಲ ಮೇಲೊಂದು ಹಳೆಯ ಬನಿಯನ್ ಬಟ್ಟೆ. ಮೊದಲ ಕಾರಿಗೆ ತಿಳಿಯಾಗಿದ್ದ ನೀರು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಎಂಟನೆಯದರ ಹೊತ್ತಿಗೆ ಬಕೆಟ್ಟಿನ ತಳದಲ್ಲಿ ಮರಳು ಕಾಣುತ್ತದೆ. ಅದೇ ಬಟ್ಟೆಯನ್ನು ಹಿಂಡಿ, ಧೂಳು ಕೂತ ಬಾನೆಟ್ಟಿನ ಮೇಲೆ ಗುಂಡಗುಂಡಗೆ ತಿಕ್ಕುತ್ತಾನೆ. ತಪ್ಪು ಅವನದೆಂದು ನಾನು ಹೇಳುವುದಿಲ್ಲ. ತಿಂಗಳಿಗೆ ಐದಾರು ನೂರು ರೂಪಾಯಿ ಕೊಟ್ಟು ದಿನವೂ ಒರೆಸು ಎಂದವರು ನಾವೇ. ಸಂಜೆ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಅಂಥ ಕಾರನ್ನು ನಿಲ್ಲಿಸಿ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಸಣ್ಣ ಗೀರುಗಳು ಹೊಳೆಯುತ್ತವೆ. ನಿಮ್ಮ ಕಡುನೀಲಿಯಲ್ಲಿ ಅವು ಬಿಳಿ ಕಾರಿಗಿಂತ ಹೆಚ್ಚಾಗಿ ಎದ್ದು ಕಾಣುತ್ತವೆ. ಈ ಬಟ್ಟೆ ಬದಲಾಗದಿದ್ದರೆ 800 ರೂಪಾಯಿಯದೂ ದಂಡ, 32,000 ರೂಪಾಯಿಯದೂ ದಂಡ.

ಆದ್ದರಿಂದ ಮೊದಲ ಖರ್ಚು ಮುನ್ನೂರು ರೂಪಾಯಿಯ ಒಂದೆರಡು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ, ಒಂದು ಡಬ್ಬಿ ಕಾರ್ ಶಾಂಪೂ, ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಮೊದಲು ಪೈಪಿನಿಂದ ಧೂಳು ಹರಿದುಹೋಗುವಂತೆ ನೀರು ಬಿಟ್ಟು, ಆಮೇಲೆ ಟಾಪಿನಿಂದ ಆರಂಭಿಸಿ ಕೆಳಗೆ ಬನ್ನಿ, ಬಾಗಿಲಿನ ಕೆಳಭಾಗವನ್ನು ಕೊನೆಗೆ ಮುಟ್ಟಿ. ವಾರಕ್ಕೊಮ್ಮೆ ಹೀಗೆ ತೊಳೆದರೆ ಸಾಕು, ನಡುವಿನ ದಿನಗಳಲ್ಲಿ ಧೂಳು ಕೂತಿದ್ದರೆ ಕೂತಿರಲಿ. ಸೀಲೆಂಟನ್ನು ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಒಂದೊಂದೇ ಭಾಗಕ್ಕೆ ತೆಳ್ಳಗೆ ಹಚ್ಚಿ ಒರೆಸಿ. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುವುದಿಲ್ಲ, ಒರೆಸುವ ಕೈ ನೋಯುತ್ತದೆ ಅಷ್ಟೆ.

ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವವರು, ಸ್ವತಃ ತೊಳೆಯುವವರು, ಆದರೆ ನಾಲ್ಕು ತಿಂಗಳಿಗೊಮ್ಮೆ ಸೀಲೆಂಟ್ ಹಚ್ಚಲು ಪುರುಸೊತ್ತಿಲ್ಲದವರು ಸೆರಾಮಿಕ್ ಮಾಡಿಸಿದರೆ ನಾನು ಬೇಡವೆನ್ನುವುದಿಲ್ಲ. ಅಂಥವರೂ ಡೆಲಿವರಿಯ ಗಡಿಬಿಡಿಯಲ್ಲಿ ಷೋರೂಮಿನಲ್ಲಿ ಮಾಡಿಸದೆ, ಈ ಕೆಲಸವನ್ನೇ ಮಾಡುವ ಡೀಟೇಲಿಂಗ್ ಅಂಗಡಿಗೆ ಒಂದು ದಿನ ಬಿಟ್ಟುಕೊಡುವುದು ಲೇಸು. ಒಂದು ಕಾರಿಗೆ ಬೇಕಾಗುವ ದ್ರವ 30ರಿಂದ 50 ಮಿಲಿಲೀಟರ್ ಮಾತ್ರ. ಉಳಿದ ಹಣ ಹಚ್ಚುವ ಮುನ್ನ ಗೀರು ತೆಗೆದು ಮೈ ಸಿದ್ಧಪಡಿಸುವ ದುಡಿಮೆಗೆ ಸಲ್ಲಬೇಕು, ಆ ದುಡಿಮೆ ನಡೆಯದೆ ಹಚ್ಚಿದರೆ ಗೀರುಗಳ ಮೇಲೆಯೇ ಮುದ್ರೆ ಒತ್ತಿದಂತಾಗುತ್ತದೆ.

ಪ್ರಶ್ನೆ: ಕಳೆದ ವರ್ಷ ಸೆರಾಮಿಕ್ ಮಾಡಿಸಿದೆ. ಈಗ ಕಪ್ಪು ಕಾರಿನ ಮೇಲೆಲ್ಲ ಬಿಳಿಯ ಉಂಗುರದಂಥ ಕಲೆಗಳು. ಮಾಡಿದವರು ಇದು ವಾರಂಟಿಗೆ ಬರುವುದಿಲ್ಲ ಎನ್ನುತ್ತಾರೆ. ನಮ್ಮದು ಕೊಳವೆಬಾವಿಯ ನೀರು. ನೀರು ಪೋಲಾಗಬಾರದೆಂದು ಆರ್‌ಒ ಫಿಲ್ಟರಿನಿಂದ ಹೊರಬರುವ ನೀರಿನಲ್ಲೇ ಕಾರು ತೊಳೆಯುತ್ತೇವೆ.
– ಓದುಗರೊಬ್ಬರು, ಕೋಲಾರ

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಕಾರಣವಿದೆ. ಆರ್‌ಒ ಯಂತ್ರ ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣವನ್ನೆಲ್ಲ ಹೊರಹಾಕುವ ನೀರಿಗೆ ಸೇರಿಸುತ್ತದೆ. ಕೊಳವೆಬಾವಿಯ ನೀರಿನಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಗಡಸುತನವಿದ್ದರೆ, ಅದರಿಂದ ಹೊರಬಿದ್ದ ನೀರಿನಲ್ಲಿ ಅದು ಇನ್ನೂ ಸಾಂದ್ರವಾಗಿರುತ್ತದೆ. ನೆಲ ಒರೆಸಲು ಆ ನೀರು ಆಗಬಹುದು, ಕಪ್ಪು ಕಾರಿಗೆ ಬೇಡವೇ ಬೇಡ.

ಇದರಲ್ಲಿ ಲೇಪನದ ಪಾತ್ರವೂ ಉಂಟು, ಮಾರುವವರು ಹೇಳದ ಸಂಗತಿಯಿದು. ಲೇಪನವಿಲ್ಲದ ಮೈಮೇಲೆ ನೀರು ಹಾಳೆಯಂತೆ ಹರಡುತ್ತದೆ, ಲೇಪನದ ಮೇಲೆ ಗುಂಡನೆಯ ಹನಿಯಾಗಿ ನಿಲ್ಲುತ್ತದೆ. ಆ ಹನಿ ಉರುಳಿಹೋದರೆ ಒಳ್ಳೆಯದು. ಸಮತಟ್ಟಾದ ಬಾನೆಟ್ ಮತ್ತು ಟಾಪಿನ ಮೇಲೆ ಅದು ಉರುಳದೆ ನಿಂತು ಬಿಸಿಲಿಗೆ ಒಣಗಿದಾಗ, ಹನಿಯಲ್ಲಿದ್ದ ಲವಣವೆಲ್ಲ ಒಂದೇ ಚಿಕ್ಕ ವೃತ್ತದಲ್ಲಿ ಉಳಿಯುತ್ತದೆ. ಮುತ್ತಿನಂಥ ಹನಿಗಳ ಚಿತ್ರ ಜಾಹೀರಾತಿನಲ್ಲಿ ಚೆಂದ ಕಾಣುತ್ತದೆ ನಿಜ, ಆದರೆ ಅವನ್ನು ಒರೆಸದೆ ಬಿಟ್ಟರೆ ಅವೇ ನೀವು ಬರೆದಿರುವ ಉಂಗುರಗಳಾಗುತ್ತವೆ.

ಈಗ ಮಾಡಬೇಕಾದದ್ದು ಇಷ್ಟು. ಬಿಳಿ ವಿನೆಗರಿಗೆ ಅಷ್ಟೇ ಪ್ರಮಾಣದ ಕುಡಿಯುವ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ, ನೆರಳಿನಲ್ಲಿ ಒಂದು ಕಲೆಯ ಮೇಲೆ ಒಂದು ನಿಮಿಷ ಇಟ್ಟು ಮೆಲ್ಲಗೆ ಒರೆಸಿ, ಕೂಡಲೇ ತೊಳೆಯಿರಿ. ಕಲೆ ಹೋದರೆ ಅದು ಮೇಲ್ಮೈಯಲ್ಲಿದ್ದ ಲವಣ, ಉಳಿದ ಕಡೆಯಲ್ಲೂ ಹೀಗೆಯೇ ಮಾಡಬಹುದು. ಹೋಗದಿದ್ದರೆ ಲೇಪನದೊಳಕ್ಕೆ ಕೊರೆದಿದೆ ಎಂದರ್ಥ, ಆಗ ಪಾಲಿಶ್ ಹೊಡೆಸಲೇಬೇಕು. ಪಾಲಿಶ್ ಆದ ಕಡೆಯಲ್ಲಿ ನೀವು ದುಡ್ಡು ಕೊಟ್ಟ ಲೇಪನವೂ ಹೋಗುತ್ತದೆ. ಮುಂದೆ ತೊಳೆಯಲು ಚಾವಣಿಯಿಂದ ಹಿಡಿದ ಮಳೆನೀರು ಸಿಕ್ಕಿದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಸಿಗದಿದ್ದರೆ ಇರುವ ನೀರಿನಲ್ಲೇ ಸಂಜೆ ತೊಳೆದು, ಒಂದು ಹನಿಯೂ ಉಳಿಯದಂತೆ ಒರೆಸಿ.

ವಾರಂಟಿ ಕಾರ್ಡನ್ನು ಬಿಡಿಸಿ ಓದಿ. ನೀರಿನ ಕಲೆ, ಕಲ್ಲೇಟು, ಗೀರು, ಹಕ್ಕಿಯ ಹಿಕ್ಕೆ ಇವನ್ನೆಲ್ಲ ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಇಷ್ಟನ್ನು ಕಳೆದ ಮೇಲೆ ಕಾರಿನ ಬಣ್ಣಕ್ಕೆ ಬೇರೆ ಯಾವ ಕಷ್ಟ ಬಂದೀತೆಂದು ನನಗಂತೂ ತೋಚುವುದಿಲ್ಲ. ಆದರೆ ನೀರಿನ ಕಲೆ ಆಗುವುದಿಲ್ಲ ಎಂದು ಬಿಲ್ಲಿನಲ್ಲೋ, ಕರಪತ್ರದಲ್ಲೋ, ವಾಟ್ಸ್‌ಆ್ಯಪ್ ಸಂದೇಶದಲ್ಲೋ ಬರೆದುಕೊಟ್ಟಿದ್ದರೆ ಅದನ್ನು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಪ್ರಶ್ನೆ: ನಮ್ಮ ಮನೆ ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲು ದುಬಾರಿ ಕೋಟಿಂಗ್ ಬೇಕೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ತುಕ್ಕಿಗೂ ಈ ಲೇಪನಕ್ಕೂ ಸಂಬಂಧ ಬಹಳ ಕಡಿಮೆ. ಬಣ್ಣ ಸರಿಯಾಗಿರುವ ಕಡೆ ತುಕ್ಕು ಹಿಡಿಯುವುದಿಲ್ಲ. ಅದು ಆರಂಭವಾಗುವುದು ಕಲ್ಲು ತಾಗಿ ಬಣ್ಣ ಹಾರಿದ ಚುಕ್ಕೆಯಲ್ಲಿ, ಬಾಗಿಲಿನ ಕೆಳಅಂಚಿನಲ್ಲಿ, ಚಕ್ರದ ಕಮಾನಿನ ಒಳಗೆ, ಕಾರಿನ ಹೊಟ್ಟೆಯಡಿಯಲ್ಲಿ. ಇಲ್ಲೆಲ್ಲ ಸೆರಾಮಿಕ್ ಹಚ್ಚುವವರೇ ಇಲ್ಲ. ಆ ಹಣದ ಒಂದು ಪಾಲಿನಲ್ಲಿ ಅಡಿಭಾಗಕ್ಕೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ನಿಮ್ಮ ಬಣ್ಣದ ಟಚ್‌ಅಪ್ ಬಾಟಲಿಯೊಂದನ್ನು ಮನೆಯಲ್ಲಿಟ್ಟುಕೊಂಡು ಚುಕ್ಕೆ ಕಂಡ ದಿನವೇ ಮುಚ್ಚಿ. ವಾರಕ್ಕೊಮ್ಮೆ ಸಿಹಿನೀರನ್ನು ಕಾರಿನ ಅಡಿಗೂ ಹಾಯಿಸಿ, ಬಾಗಿಲುಗಳ ತಳದಲ್ಲಿರುವ ನೀರು ಬಸಿಯುವ ಸಣ್ಣ ತೂತುಗಳಲ್ಲಿ ಮರಳೋ ಎಲೆಯೋ ಕೂತಿದ್ದರೆ ಕಡ್ಡಿಯಿಂದ ಬಿಡಿಸಿ.

ಪ್ರಶ್ನೆ: ನಮ್ಮೂರಿನ ಗ್ಯಾರೇಜಿನಲ್ಲಿ ಟೆಫ್ಲಾನ್ ಕೋಟಿಂಗ್ 5,000 ರೂಪಾಯಿಗೆ ಮಾಡುತ್ತಾರೆ. ಸೆರಾಮಿಕ್‌ಗಿಂತ ಅಗ್ಗವಾಯಿತಲ್ಲ, ಅದನ್ನೇ ಮಾಡಿಸಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದೋಸೆ ಕಾವಲಿಯ ಮೇಲಿರುವ ಟೆಫ್ಲಾನ್ 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ವಸ್ತು. ಕಾವಲಿಗೆ ಅದನ್ನು ಕೂರಿಸಲು ಅದಕ್ಕಿಂತಲೂ ಹೆಚ್ಚಿನ ಕಾವು ಬೇಕು. ನಿಮ್ಮ ಕಾರನ್ನು ಅಷ್ಟು ಕಾಯಿಸಿದರೆ ಬಣ್ಣವೂ ಉಳಿಯುವುದಿಲ್ಲ, ಬಂಪರೂ ಉಳಿಯುವುದಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಈ ಹೆಸರಿನಿಂದ ಹಚ್ಚುವುದು, ಬಹಳವೆಂದರೆ ಸ್ವಲ್ಪ ಟೆಫ್ಲಾನ್ ಪುಡಿ ಬೆರೆಸಿದ ಪಾಲಿಶ್ ಅಥವಾ ಸೀಲೆಂಟ್. ನಾನೂ ಹಿಂದೊಮ್ಮೆ ಹೊಸ ಕಾರಿನ ಸಂಭ್ರಮದಲ್ಲಿ ದುಡ್ಡು ತೆತ್ತು ಮಾಡಿಸಿದ್ದೆ. ದೀಪಾವಳಿಗೆ ಹಚ್ಚಿದ್ದರು, ಯುಗಾದಿಗೆ ನೀರು ಹನಿಗಟ್ಟುವುದು ನಿಂತಿತ್ತು. ಐದು ತಿಂಗಳು ಬಂದ ಆ ಹೊಳಪಿಗೆ 800 ರೂಪಾಯಿಯ ಬಾಟಲಿಯೇ ಸಾಕಾಗಿತ್ತು.

ಗ್ಯಾರೇಜಿನವರು ಪ್ರತಿ ಸಲವೂ ಮೆಷಿನ್ ಪಾಲಿಶ್ ಹೊಡೆದೇ ಹಚ್ಚುತ್ತೇವೆ ಎಂದರೆ ಇನ್ನಷ್ಟು ಎಚ್ಚರ ಬೇಕು. ಗೀರು ತೆಗೆಯುವ ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ಸವೆಸುವುದು. ಇರುವ 35–50 ಮೈಕ್ರಾನಿನ ಗಂಟಿನಿಂದ ವರ್ಷ ವರ್ಷವೂ ಒಂದಿಷ್ಟು ತೆಗೆಯುತ್ತ ಹೋದರೆ ಅದನ್ನು ಮತ್ತೆ ತುಂಬಲು ಯಾವ ಬಾಟಲಿಯಿಂದಲೂ ಆಗದು.

ಪ್ರಶ್ನೆ: ಅಪಘಾತದ ನಂತರ ಒಂದು ಬಾಗಿಲಿಗೆ ಹೊಸದಾಗಿ ಪೇಂಟ್ ಮಾಡಿಸಿದ್ದೇನೆ. ಕೂಡಲೇ ಸೀಲೆಂಟ್ ಹಚ್ಚಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯ ಕಾವಿನಲ್ಲಿ ಬೇಯಿಸಿರುತ್ತಾರೆ. ಗ್ಯಾರೇಜಿನಲ್ಲಿ ಪ್ಲಾಸ್ಟಿಕ್, ವೈರುಗಳೆಲ್ಲ ಜೋಡಿಸಿದ್ದ ಕಾರಾದ್ದರಿಂದ 60–80 ಡಿಗ್ರಿಗಿಂತ ಮೇಲೆ ಹೋಗುವಂತಿಲ್ಲ, ಹೀಗಾಗಿ ಥಿನ್ನರಿನ ಅಂಶ ಹೊರಹೋಗಲು ವಾರಗಳೇ ಹಿಡಿಯುತ್ತವೆ. ಎರಡು ತಿಂಗಳು ಬರಿ ನೀರಿನಲ್ಲಿ ತೊಳೆಯುತ್ತಿರಿ. ಆ ಬಳಿಕ ಆ ಬಾಗಿಲಿಗೂ ಉಳಿದ ಮೂರಕ್ಕೂ ಒಂದೇ ದಿನ ಹಚ್ಚಿದರೆ ಹೊಳಪಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.